ಏಳು ತಿಂಗಳವಳ ಉಪ್ಪು

ಈ ಕಥೆಯನ್ನು ಒಂದು ತಲೆನೋವಿನಿಂದ ಶುರು ಮಾಡಲೋ, ಒಂದು ಮಾತಿನಿಂದಲೋ? ತಲೆನೋವು 1988ರದ್ದು. ಮಾತು ಅದಕ್ಕೂ ಮೂವತ್ತು ಚಿಲ್ಲರೆ ವರ್ಷ ಹಳೆಯದು. ಹಿರಿಯರಿಗೆ ಮೊದಲ ಮಣೆ ಹಾಕೋಣ.

ಸಿದ್ದಾಪುರದ ಕರಿಯವ್ವ ಹುಲಿಗಿಯ ದೇವಿ ಹುಲಿಗೆಮ್ಮನ ಮುಂದೆ ನಿಂತು ಕೊಟ್ಟ ಮಾತು ಇದು: ಏಳು ತಿಂಗಳಿಗೇ ಹುಟ್ಟಿದ ನನ್ನ ಈ ಹೆಣ್ಣುಕೂಸನ್ನು ಉಳಿಸಿಕೊಡು, ಅನ್ನಕ್ಕೆ ಬಂದ ದಿನದಿಂದ ಅದಕ್ಕೆ ನಿನ್ನ ಪಾದಕ್ಕೆ ಮುಟ್ಟಿಸಿದ ಉಪ್ಪು ತಿನ್ನಿಸುತ್ತೇನೆ, ಅದು ಬದುಕಿರುವ ತನಕ ಒಂದು ದಿನವೂ ತಪ್ಪಿಸುವುದಿಲ್ಲ.

ಕೂಸು ಉಳಿಯಿತು. (ಇಷ್ಟು ಬೇಗ ಹೇಳಿ ಸಸ್ಪೆನ್ಸ್ ಹಾಳು ಮಾಡಿದೆ. ಇರಲಿ, ಅದು ಉಳಿಯದಿದ್ದರೆ ಕಥೆಯೇ ಇಲ್ಲ.)

1. ಮೊದಲ ಡ್ರಾಫ್ಟ್, ಹರಿದು ಹಾಕಿದ್ದು

‘ಬುಟ್ಟಿಯಲ್ಲಿ ಅರಳೆ, ಅರಳೆಯಲ್ಲಿ ಅಂಗೈಯಷ್ಟು ಜೀವ, ಕಿಟಕಿಯಾಚೆ ಹುಣ್ಣಿಮೆ ಚಂದ್ರ...’

ಚಂದ್ರ ನಾನು ಕೈಯಿಂದ ಹಾಕಿದ ಖರ್ಚು. ಆ ಮನೆಗೆ ಕಿಟಕಿಯೇ ಇರಲಿಲ್ಲ, ಒಲೆ ಇತ್ತು. ಬುಟ್ಟಿಯನ್ನು ಒಲೆಯ ಮಗ್ಗುಲಿಗಿಟ್ಟು, ಬೆಂಕಿ ಆರದ ಹಾಗೆ, ಭುಗಿಲೇಳದ ಹಾಗೆ ಕಾದವಳು ಕರಿಯವ್ವ. ಹತ್ತಿಯ ಬತ್ತಿಯನ್ನು ಎದೆಹಾಲಿನಲ್ಲಿ ಅದ್ದಿ ಕೂಸಿನ ತುಟಿಗೆ ಹಿಂಡಿದಳು. ನನ್ನ ಮಕ್ಕಳಿಗೆ ನಾಲ್ಕು ದಿನ ಜ್ವರ ಬಂದರೆ ನಾನು ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತೇನೆ. ಅವಳು ತಿಂಗಳುಗಟ್ಟಲೆ ಹೇಗೆ ಎಚ್ಚರವಿದ್ದಳು ಎಂದು ಬರೆಯುವ ತಾಕತ್ತು ಈ ಪೆನ್ನಿಗಿಲ್ಲ.

2. ಎರಡನೆಯದು

ಕೂಸಿಗೆ ದುರಗಮ್ಮ ಎಂದು ಹೆಸರಿಟ್ಟರು. ಬೆಳೆದು, ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳಾದಳು. ಕೈ ಹಾಕಿದರೆ ಸಾಲು ನೂಲು ಹಿಡಿದ ಹಾಗೆ. ತಡವಾದವರನ್ನು ಕಾಡುತ್ತಿದ್ದಳು:

“ಒಂಬತ್ತು ತಿಂಗಳು ಆರಾಮ ಕುಂತು ಬಂದೋರು ನೀವು. ಇನ್ನಾ ಅಲ್ಲೇ ಅದೀರಲ್ಲ.”

1988ರ ಒಂದು ಮಧ್ಯಾಹ್ನ ನಾಟಿಯ ಗದ್ದೆಯಲ್ಲಿ ತಲೆ ಹಿಡಿದುಕೊಂಡು ಕೆಸರಿಗೆ ಕುಸಿದಳು. ಗಂಗಾವತಿಯ ಡಾಕ್ಟರ್ ರಾಜಾಸಾಬರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ನಂಬದೆ ಇನ್ನೊಂದು ತೋಳಿಗೂ ಸುತ್ತಿದರು. ಸಣಕಲು ಮೈ, ಚಿಕ್ಕ ವಯಸ್ಸು, ಮನೆತನದಲ್ಲಿ ಯಾರಿಗೂ ಇಲ್ಲ. ಎಲ್ಲಿಂದ ಬಂತು? ಹುಟ್ಟಿದ್ದು ಹೇಗೆ ಎಂದು ಕೇಳಿದರು. ಪದಕ ತೋರಿಸುವವಳ ಹಾಗೆ ಕರಿಯವ್ವ ಏಳು ತಿಂಗಳ ಕಥೆ ಹೇಳಿದಳು.

“ದಿನ ತುಂಬದ ಹುಟ್ಟಿದೋರಿಗೆ ದೊಡ್ಡವರಾದ ಮ್ಯಾಲೆ ಬಿ.ಪಿ. ಏರತದೇನೋ ಅಂತ ನನಗೊಂದು ಅನುಮಾನ ಐತಿ,” ಎಂದರು ಡಾಕ್ಟರು. “ಖಾತ್ರಿ ಇಲ್ಲ. ಖಾತ್ರಿ ಇರೋದು ಒಂದ: ಹಿಂಗ ಬಿಟ್ರ ಹಾರ್ಟ್ ದಣೀತದ. ದಿನಾ ಗುಳಿಗಿ ನುಂಗಬೇಕು, ಉಪ್ಪು ಬಿಡಬೇಕು.”

(ಇಲ್ಲಿ ರಕ್ತನಾಳ, ಮೂತ್ರಪಿಂಡಗಳ ಬಗ್ಗೆ ಒಂದು ಪ್ಯಾರಾ ಬರಬೇಕಿತ್ತು. ನನಗೆ ತಿಳಿದದ್ದು ಇಷ್ಟೇ: ಹೊಟ್ಟೆಯೊಳಗೆ ಮುಗಿಯಬೇಕಾದ ಕೆಲಸವನ್ನು ಆ ಮೈ ಬುಟ್ಟಿಯೊಳಗೆ ಮುಗಿಸಿಕೊಂಡಿತ್ತು. ಆಮೇಲೆ ಮೂವತ್ತು ವರ್ಷ ಎಲ್ಲರಿಗಿಂತ ಮುಂದೆ ದುಡಿಯಿತು. ವಿಜ್ಞಾನ ಏನಾದರೂ ಹೇಳಲಿ, ನಾನು ಆ ಹೃದಯಕ್ಕೆ ಎದ್ದು ನಿಂತು ಕೈ ಮುಗಿಯುತ್ತೇನೆ.)

3.

ಮನೆಯಲ್ಲಿ ಎಲ್ಲರೂ ಸಪ್ಪೆ ಸಾರು ಉಂಡರು. ಗುಳಿಗೆ ತಪ್ಪಲಿಲ್ಲ. ಬಿ.ಪಿ. ಇಳಿಯಲಿಲ್ಲ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಆಗಲೂ ಇಳಿಯಲಿಲ್ಲ.

ಮುಂದಿನ ಸಲ ದವಾಖಾನೆಯ ಬೆಂಚಿನ ಮೇಲೆ ದುರಗಮ್ಮ ಬುತ್ತಿ ಬಿಚ್ಚಿದಳು. ತುತ್ತಿಗೆ ಮೊದಲು ಸೆರಗಿನ ಗಂಟು ಬಿಚ್ಚಿ, ಅಂಗೈಗೆ ಬಿಳಿ ಹರಳುಗಳ ಸಣ್ಣ ಗುಡ್ಡೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು. ಡಾಕ್ಟರು ಎದುರಿಗೇ ಇದ್ದರು. ಉಪ್ಪು ಬಿಡು ಎಂದಿದ್ದೆನಲ್ಲ ಎಂದು ಕೇಳಿದರು.

“ಉಪ್ಪು ಬಿಟ್ಟೀವಲ್ರಿ,” ಎಂದಳು ಕರಿಯವ್ವ. “ಇದು ಅಮ್ಮನ ಪ್ರಸಾದ.”

“ಇಷ್ಟು?”

“ಮೊದಲ ಒಂದ ಹರಳ ಇತ್ರಿ. ಕೂಸು ಬೆಳೆದಂಗ ಪ್ರಸಾದನೂ ಬೆಳೀಬೇಕಲ್ರಿ.”

(ಇಲ್ಲೊಂದು ಜೋಕ್ ಬರೆದಿದ್ದೆ. ಕರಿಯವ್ವ ಮುಂದೆ ಕೇಳಿದ ಪ್ರಶ್ನೆ ಓದಿಕೊಂಡು ಹೊಡೆದು ಹಾಕಿದೆ. ಅವಳು ಕೇಳಿದ್ದು: ಪ್ರಸಾದ ಬಿಡಿಸಿದರೆ, ಕೂಸನ್ನು ಕೊಟ್ಟವಳು ಅದನ್ನು ತಿರುಗಿ ಕೇಳುವುದಿಲ್ಲವೇ?)

4. ಕೊನೆಗಳು, ಬೇಕಾದ್ದು ಆರಿಸಿಕೊಳ್ಳಿ

ಅ) ದುರಗಮ್ಮ ನಾಟಿಯ ಸಾಲಿನಲ್ಲೇ ಎದೆ ಒಡೆದು ಸಾಯುತ್ತಾಳೆ. ಗಟ್ಟಿ ಕೊನೆ. ಆದರೆ ಅವಳೇ ಕೆಸರಿನ ಕೈಯಲ್ಲಿ ನನ್ನ ಮೇಜಿಗೆ ಬಂದಳು:

“ಬುಟ್ಟ್ಯಾಗ ಸಾಯಲಿಲ್ಲ, ನಿಮ್ಮ ಹಾಳ್ಯಾಗ ಸಾಯಲೇನ್ರಿ?”

ಹಾಗಾದರೆ ನೀನೇ ಗುಟ್ಟಾಗಿ ಉಪ್ಪು ಬಿಡು ಎಂದೆ.

“ಹರಕಿ ಹೊತ್ತಾಕಿ ಅವ್ವ. ಹೊತ್ತೋರ ಇಳಸಬೇಕು. ನಿಮ್ಮೂರಾಗ ಬ್ಯಾರೆ ರೀತಿ ಐತೇನು?”

ಆ) ಹುಲಿಗೆಮ್ಮ ಕರಿಯವ್ವನ ಕನಸಿಗೆ ಬಂದು ತಾನೇ ಮಾಫಿ ಕೊಡುತ್ತಾಳೆ. ಅಗ್ಗದ ಕೊನೆ. ಇದಕ್ಕೆ ಕರಿಯವ್ವನೇ ಒಪ್ಪಲಿಲ್ಲ. ತನ್ನ ಕನಸಿನೊಳಗೆ ಕೈ ಹಾಕಲು ನೀವು ಯಾರು ಎಂದು ಕೇಳಿದಳು. ನ್ಯಾಯವೇ.

5.

ನಾನು ಪೆನ್ನು ಕೆಳಗಿಟ್ಟೆ. ಕರಿಯವ್ವ ಕಾಯಲಿಲ್ಲ. ಮಂಗಳವಾರ ಪ್ರಸಾದದ ಉಪ್ಪಿನ ಗಡಿಗೆ ಕಂಕುಳಲ್ಲಿಟ್ಟುಕೊಂಡು ಹುಲಿಗಿ ಬಸ್ಸು ಹತ್ತಿದಳು. ಗುಡಿಯಲ್ಲಿ ಕೈ ಮುಗಿಯಲಿಲ್ಲ, ಕೈ ತುಂಬ ಗಡಿಗೆ.

“ತಾಯಿ, ನೀ ಕೊಟ್ಟಿದ್ದನ್ನ ಉಳಿಸಿಕೊಳ್ಳಾಕ ಮಾತು ಕೊಟ್ಟಿದ್ದೆ. ಈಗ ಅದನ್ನ ಉಳಿಸಿಕೊಳ್ಳಾಕ ಆ ಮಾತು ಮುರೀತೀನಿ. ಸಿಟ್ಟು ಬಂದ್ರ ಮುದುಕಿ ಇಲ್ಲಿ ಅದೀನಿ. ಆಕಿ ಕಡೆ ನೋಡಬ್ಯಾಡ.”

ಹೊಳೆಗಿಳಿದು ಗಡಿಗೆ ಬೋರಲು ಹಾಕಿದಳು. ತುಂಗಭದ್ರೆಗೆ ರುಚಿ ಬದಲಾದದ್ದೂ ಗೊತ್ತಾಗಲಿಲ್ಲ.

ಮರುದಿನ ದುರಗಮ್ಮ ಮೊದಲ ತುತ್ತು ಬಾಯಿಗಿಟ್ಟು ಅವ್ವನ ಮುಖ ನೋಡಿದಳು.

“ಸಪ್ಪಗೈತಿ.”

“ಉಣ್ಣು,” ಎಂದಳು ಕರಿಯವ್ವ.

ಬಿ.ಪಿ. ಎಷ್ಟು ಇಳಿಯಿತು, ಆ ಹೃದಯ ಎಷ್ಟು ವರ್ಷ ನಡೆಯಿತು, ದೇವಿ ಸಿಟ್ಟಾದಳೇ? ಕೇಳಬೇಡಿ. ಕೊನೆ ಬರೆದರೆ ಅದು ದುರಗಮ್ಮನ ಕೊನೆಯಾಗುತ್ತದೆ. ಅವಳಿನ್ನೂ ಸಾಲಿನಲ್ಲಿ ಮುಂದಿದ್ದಾಳೆ, ನಾನು ಹಿಂದೆ. ಮಾತಿನ ವಿಷಯ ಮಾತ್ರ ಹೇಳಬಲ್ಲೆ.

ಕರಿಯವ್ವ ಅದನ್ನು ಮುರಿದಳು.