ಉಪ್ಪಿಲ್ಲದ ಸಾರು

ಬೆಳಿಗ್ಗೆ ಸಮುದ್ರದಾಚೆಯಿಂದ ಬಿಸಿಗಾಳಿ ಎದ್ದು, ದೇಶದ ದಕ್ಷಿಣ ತುದಿಯ ಕಲಾಬ್ರಿಯದ ಆ ಬೆಟ್ಟದೂರಿನ ಹೆಂಚುಗಳ ಮೇಲೆಲ್ಲ ಕೆಂಧೂಳು ಕೂತಿತ್ತು. ನುನ್ಸಿಯಾತ ಕಿಟಕಿಯಿಂದ ಬೀದಿ ನೋಡಿದಳು. ತಿರುವಿಗೊಬ್ಬ ಸಿಪಾಯಿ, ಕಂಬಕ್ಕೊಂದು ಕ್ಯಾಮರಾ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದರು. ಅವಳ ಗಂಡ ಸವೇರಿಯೊ, ಊರಿನ ಮೇಯರ್, ಬೆಳಗಿನ ಪೂಜೆಗೆ ಹೊರಟವನು ಇಗರ್ಜಿಯ ಮೆಟ್ಟಿಲ ಮೇಲೆ ಗುಂಡೇಟಿಗೆ ಬಿದ್ದು ಇಂದಿಗೆ ವರ್ಷ.

ಸವೇರಿಯೊನ ಕಾವಲಿನ ಕಾರು ಅವತ್ತು ಕೆಟ್ಟಿತ್ತು ಎಂದಿತು ಸರ್ಕಾರ. ಒಬ್ಬ ಅಧಿಕಾರಿಯನ್ನು ಎತ್ತಂಗಡಿ ಮಾಡಿ ಕೈ ತೊಳೆದುಕೊಂಡಿತು. ಕಾವಲಿನವರಿಗೆ ಬರಬೇಡಿ ಎಂದ ಬಾಯಿ ಯಾವುದು? ಜಪಮಾಲೆ ಎಣಿಸುವಾಗಲೂ ನುನ್ಸಿಯಾತ ಊರಿನ ಮುಖಗಳನ್ನೇ ಎಣಿಸುತ್ತಿದ್ದಳು. ಇಂದು ಚೌಕದಲ್ಲಿ ಸವೇರಿಯೊನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಆಗಿನ ಉಪಮೇಯರ್, ಈಗಿನ ಮೇಯರ್ ಕಾರ್ಮಿನೆಯ ಪಕ್ಕದಲ್ಲಿ ಅವಳು ಕೂರಬೇಕಂತೆ.

ಆ ಊರಿನಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಕೋಳಿ ಸಾರು ಮಾಡಿ ತರುತ್ತಾರೆ. ಅಳುವವರ ಕಣ್ಣೀರೇ ಸಾಕೆಂದು ಅದಕ್ಕೆ ಉಪ್ಪು ಹಾಕುವುದಿಲ್ಲ. ವರ್ಷದ ದಿನ ಆ ಸಾರಿನ ಋಣ ಸಾರಿನಿಂದಲೇ ತೀರಬೇಕು. ಸವೇರಿಯೊ ಸತ್ತ ದಿನ ಮೊದಲು ಸಾರು ತಂದವಳು ಕಾರ್ಮಿನೆಯ ಹೆಂಡತಿ ರೊಸಾಲ್ಬ. ಅವಳಿಗೆಂದೇ ನುನ್ಸಿಯಾತ ಕತ್ತಲಿರುವಾಗಲೇ ಕೋಳಿ ಬೇಯಲಿಟ್ಟಿದ್ದಳು. ಬೆಳಗಿನ ಪೂಜೆ ಮುಗಿದು ಜನ ಮನೆಗೆ ಹೋದರೂ ಅದು ಇನ್ನೂ ಕಲ್ಲಿನಂತಿತ್ತು.

ಸೌಟು ಹಿಡಿದ ಕೈ ನಿಂತಿತು. ಅವತ್ತು ಸುದ್ದಿ ಮುಟ್ಟಿ, ತಾನಿನ್ನೂ ನೆಲದಿಂದ ಏಳುವ ಮೊದಲೇ ರೊಸಾಲ್ಬಳ ಬಿಸಿ ಸಾರು ಬಂದಿತ್ತು. ಎಂಥ ಕರುಳು ಇವಳದು ಎಂದು ವರ್ಷವೆಲ್ಲ ಅವಳಿಗಾಗಿ ಮೇಣದಬತ್ತಿ ಹಚ್ಚಿದ್ದಳು.

ಅಷ್ಟರಲ್ಲಿ ರೊಸಾಲ್ಬಳೇ ಬಂದು, ರಾಜಧಾನಿಯಿಂದ ಮಂತ್ರಿ ಬರುತ್ತಾರೆ, ಬೇಗ ಹೊರಡಬೇಕು ಎಂದು ಅವಸರ ಮಾಡಿದಳು.

"ಕೋಳಿ ಬೇಯ್ತಾನೇ ಇಲ್ಲ ಕಣೇ," ಎಂದಳು ನುನ್ಸಿಯಾತ. "ಅವತ್ತು ನಿಂದು ಅದೆಷ್ಟು ಬೇಗ ಬೆಂದಿತ್ತು!"

ರೊಸಾಲ್ಬ ನಕ್ಕಳು. "ಮುದಿ ಕೋಳಿ ತಂದ್ರೆ ಇನ್ನೇನಕ್ಕಾ? ಅವತ್ತು ನಮ್ಮನೆ ಊಟಕ್ಕೇಂತ ಮಾಡಿಟ್ಟಿದ್ದೆ. ಅದನ್ನೇ ಎತ್ಕೊಂಡು ಓಡಿಬಂದೆ."

"ನಿಮ್ಮನೆ ಊಟಕ್ಕೆ ಉಪ್ಪು ಹಾಕಲ್ವಾ?"

ಕಿಟಕಿ ಬಡಿದುಕೊಂಡಿತು; ರೊಸಾಲ್ಬ ಅದನ್ನು ಮುಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದಳು. "ನಮ್ಮನೆಯವ್ರು ನಂಗೇನೂ ಹೇಳಿರ್ಲಿಲ್ಲ ಅಕ್ಕಾ," ಎಂದಳು ಕೊನೆಗೆ. "ಉಪ್ಪಿಲ್ದೆ ಸಾರು ಮಾಡಿಡು ಅಂದ್ರು, ಅಷ್ಟೇ." ತಲೆಗೆ ವಸ್ತ್ರ ಎಳೆದುಕೊಂಡು ಹೊರಟುಹೋದಳು.

ಚೌಕದಲ್ಲಿ ಮಂತ್ರಿ ಇನ್ನಷ್ಟು ಕ್ಯಾಮರಾ ಹಾಕಿಸುವ ಮಾತು ಕೊಟ್ಟರು. ಕಾರ್ಮಿನೆ ಗದ್ಗದ ಕಂಠದಲ್ಲಿ ಅಣ್ಣನಂಥವನನ್ನು ಕಳೆದುಕೊಂಡೆ ಎಂದ. ಪಕ್ಕದ ಕುರ್ಚಿ ಖಾಲಿಯಿತ್ತು. ಕೊನೆಗೂ ಬೆಂದ ಸಾರಿನ ಪಾತ್ರೆಗೆ ಬಟ್ಟೆ ಸುತ್ತಿ ಹಿಡಿದು ಬಂದ ನುನ್ಸಿಯಾತ ಉತ್ತರದಿಂದ ಹೊಸದಾಗಿ ಬಂದಿದ್ದ ಪೊಲೀಸ್ ಕ್ಯಾಪ್ಟನ್ ಹತ್ತಿರ ನಿಂತು, ಸಾರಿನ ಕಥೆಯನ್ನೆಲ್ಲ ಮೆಲ್ಲಗೆ ಹೇಳಿದಳು. ಇವನೂ ಕಾರ್ಮಿನೆಯ ಕಡೆಯವನೇ ಇರಬಹುದೇ ಎಂದು ಅವನ ಕಣ್ಣನ್ನೇ ನೋಡುತ್ತಿದ್ದಳು. ಅವನು ನಗಲಿಲ್ಲ. ಉಪ್ಪಿನ ವಿಷಯ ಎರಡನೇ ಸಲ ಕೇಳಿಸಿಕೊಂಡು, ಇಬ್ಬರು ಪೇದೆಗಳನ್ನು ಕಾರ್ಮಿನೆ ಇಳಿಯಬೇಕಿದ್ದ ವೇದಿಕೆಯ ಮೆಟ್ಟಿಲಿಗೆ ಕಳಿಸಿದ.

ದೇವರೆದುರು ಯಾರ ಋಣವೂ ಉಳಿಯಬಾರದು. ನುನ್ಸಿಯಾತ ಹೆಂಗಸರ ಸಾಲಿಗೆ ನಡೆದು, ಇನ್ನೂ ಬಿಸಿಯಾಗಿದ್ದ ಪಾತ್ರೆಯನ್ನು ರೊಸಾಲ್ಬಳ ಮಡಿಲಲ್ಲಿಟ್ಟಳು. ರೊಸಾಲ್ಬ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.