ನಲ್ಲಿ ನೀರಿನ ಪಾನಕ

ಅಂಬುಜಮ್ಮ ಕುಮಾರ ಪಾರ್ಕಿನ ಮಗಳ ಮನೆ ಸೇರಿ ಎರಡು ತಿಂಗಳಾಗಿತ್ತು. ಚಾಮರಾಜಪೇಟೆಯ ಅವರ ಬೀದಿಯ ನಲ್ಲಿಗಳಲ್ಲಿ ಚರಂಡಿ ನೀರು ಬೆರೆತು ಬರತೊಡಗಿದ ಮೇಲೆ ಕಾಮಾಲೆ ಹಿಡಿದವರಲ್ಲಿ ಅವರೂ ಒಬ್ಬರು. ವಾಸಿಯಾದರೂ ಮಗಳು ಸುಪ್ರಜಾ ಬಿಡಲಿಲ್ಲ. "ನೀರು ಸರಿಹೋಗೋವರ್ಗೂ ಅಮ್ಮನ್ನ ಕಳಿಸಲ್ಲಪ್ಪ. ನೀವೂ ಇಲ್ಲಿಗೇ ಬಂದ್ಬಿಡಿ."

ಗಂಡ ಶೀನಣ್ಣ ಹೋಗಲಿಲ್ಲ. ದೂರು ಕೊಟ್ಟವರೇ ಜಾಗ ಖಾಲಿ ಮಾಡಿದರೆ ನೀರಿನ ಕಚೇರಿಯವರಿಗೆ ಇನ್ನೇನು ಬೇಕು? ಭಾನುವಾರ ನೆಂಟರ ಹಾಗೆ ಹೋಗಿ ಹೆಂಡತಿಯನ್ನು ನೋಡಿ ಬರುತ್ತಿದ್ದರು. ಹೊರಡುವಾಗ ಅಂಬುಜಮ್ಮ ಗೇಟಿನವರೆಗೆ ಬಂದು ನಿಲ್ಲುತ್ತಿದ್ದರು. ಇತ್ತ ತಮ್ಮ ಮನೆಯಲ್ಲಿ ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿದರೂ ಈಗ ಬೈಯುವವರಿಲ್ಲ. ಶೀನಣ್ಣ ಬೇಕೆಂದೇ ಅಲ್ಲಿ ಹಾಕುತ್ತಿದ್ದರು.

ಬೀದಿಯವರು ಎಷ್ಟು ಸಲ ಹೋಗಿ ಕೂಗಾಡಿದರೂ ಕಚೇರಿಯ ಉತ್ತರ ಒಂದೇ: ಪರೀಕ್ಷೆಯಾಗಿದೆ, ನೀರು ಚೆನ್ನಾಗಿದೆ.

ಬೀದಿಯ ಚಪ್ಪರದಲ್ಲಿ ಹಂಚುವ ರಾಮನವಮಿಯ ಪಾನಕ ಮೊದಲಿಂದಲೂ ಶೀನಣ್ಣನವರ ಕೈಯದು. ಈ ಸಲ ಕ್ಯಾನ್ ನೀರು ತರಿಸಿದ್ದರು. ತರಕಾರಿ ಅಂಗಡಿಯ ನಂದಕುಮಾರ್ ಹತ್ತಿರ ಬಂದು ಪಿಸುಗುಟ್ಟಿದ.

"ಅಣ್ಣ, ನೀರಿನ ಕಚೇರಿ ಇಂಜಿನಿಯರ್‌ನ ಪೂಜೆಗೆ ಕರೆದಿದೀನಿ. ಅವರಿಗೆ ಒಂದು ಚೊಂಬು ನಲ್ಲಿ ನೀರಲ್ಲೇ ಮಾಡಿ. ಕುಡಿದ್ಮೇಲೆ ಹೇಳೋಣ. ವಿಡಿಯೋ ಮಾಡ್ತೀನಿ."

"ಆಗ ಪೈಪ್ ಸರಿಮಾಡೋಕೆ ರಸ್ತೆ ಅಗೀತಾರಾ?"

"ಅಗೀದೆ ಎಲ್ಲಿಗೆ ಹೋಗ್ತಾರೆ!"

ಅಗೆದರೆ ಅಂಬುಜಾ ಮನೆಗೆ ಬರುತ್ತಾಳೆ ಎಂದುಕೊಂಡರು ಶೀನಣ್ಣ. ಬೆಲ್ಲ ಕರಗಿಸಿದರು. ಮೆಣಸು, ಶುಂಠಿ, ಏಲಕ್ಕಿ ಬಿದ್ದದ್ದೇ ತಡ, ನೀರಿನ ನಾತ ಮಾಯವಾಗಿ ಚೊಂಬು ಘಮ್ಮೆಂದಿತು.

ಇಂಜಿನಿಯರ್ ಬಿಸಿಲಲ್ಲಿ ಬೆವರುತ್ತ ಬಂದರು. ಇನ್ನೂ ಚಿಕ್ಕ ವಯಸ್ಸು. ಲೋಟ ಹಿಡಿದು, "ಆಹಾ, ನಮ್ಮಜ್ಜಿ ಮಾಡ್ತಿದ್ದ ಹಾಗೇ ಇದೆ ವಾಸನೆ," ಎಂದು ತುಟಿಗೆತ್ತಿದರು. ನಂದಕುಮಾರನ ಫೋನ್ ಮೇಲೇರಿತು.

ಶೀನಣ್ಣನವರಿಗೆ ಹೆಂಡತಿಯ ಹಳದಿ ಕಣ್ಣು ನೆನಪಾಯಿತು. ತಟ್ಟನೆ ಇಂಜಿನಿಯರ್ ಕೈ ಹಿಡಿದರು.

"ಬೇಡಿ ಸಾರ್. ಇದು ನಮ್ಮ ನಲ್ಲಿ ನೀರು."

ಇಂಜಿನಿಯರ್ ಲೋಟವನ್ನು ಕೆಂಡ ಮುಟ್ಟಿದವರಂತೆ ಮೇಜಿನ ಮೇಲಿಟ್ಟರು.

"ಏನಣ್ಣ, ಎಲ್ಲಾ ಕೆಡಿಸ್ಬಿಟ್ರಲ್ಲ!" ನಂದಕುಮಾರ್ ಹಣೆ ಚಚ್ಚಿಕೊಂಡ.

ಹೂ ಕಟ್ಟುತ್ತಿದ್ದ ಪಿಳ್ಳಮ್ಮ ತಲೆಯೆತ್ತಿದರು. "ಯಾಕ್ ಸಾಮಿ ಕೆಳಗಿಟ್ರಿ? ನೀರು ಚೆನ್ನಾಗೈತೆ ಅಂತೀರಲ್ಲ, ಕುಡೀರಿ."

ಇಂಜಿನಿಯರ್ ಲೋಟ ನೋಡಿದರು, ಜನರನ್ನು ನೋಡಿದರು, ಆಮೇಲೆ ಫೋನ್ ತೆಗೆದು ಪಕ್ಕಕ್ಕೆ ಹೋದರು.

ಮರುದಿನ ಬೆಳಿಗ್ಗೆ ರಸ್ತೆ ಅಗೆಯಲು ಆಳುಗಳು ಬಂದರು. ಶೀನಣ್ಣ ಕುಮಾರ ಪಾರ್ಕಿಗೆ ಫೋನ್ ಮಾಡಿದರು.

"ಅಗೀತಿದಾರೆ ಅಂಬುಜಾ."

"ನಿಜವಾಗ್ಲೂನಾ? ಎಷ್ಟು ದಿನ ಹಿಡಿಯತ್ತಂತೆ?"

"ಪೈಪೆಲ್ಲ ಹಳೇದಂತೆ. ಎಲ್ಲಿ ಒಡೆದಿದೆಯೋ ಹುಡುಕ್ಬೇಕಂತೆ. ಹೇಳಕ್ಕಾಗಲ್ಲ ಅಂದ್ರು."

ಶೀನಣ್ಣ ಫೋನನ್ನು ಕಿಟಕಿಯ ಸರಳಿನಾಚೆ ಹಿಡಿದರು. ಗುದ್ದಲಿ ಕಲ್ಲಿಗೆ ತಾಗುವ ಸದ್ದು ಹೊರಗೆ ಒಂದೇ ಸಮನೆ ಕೇಳುತ್ತಿತ್ತು. ಕೈ ಸೋತ ಮೇಲೆ ಮತ್ತೆ ಕಿವಿಗಿಟ್ಟುಕೊಂಡರು.

"ಕೇಳಿಸ್ತಾ?"

"ಹೂಂ ರೀ," ಎಂದರು ಅಂಬುಜಮ್ಮ. "ಇನ್ನೊಂಚೂರು ಹೊತ್ತು ಹಿಡ್ಕೊಳಿ."