ನಿಮಿಷಕ್ಕೆ ಎಂಬತ್ತು ಪದ

ಬೆಳಗು ಹರಿಯುವ ಮೊದಲು ಅನುಸೂಯಾ ಮಾಡಿ ಮುಗಿಸುತ್ತಿದ್ದ ಕೆಲಸಗಳನ್ನು ಒಮ್ಮೆ ಬರೆದಿಟ್ಟುಕೊಂಡಿದ್ದೆ: ನಲ್ಲಿ ಬರುವ ದಿನವಾದರೆ ನಾಲ್ಕಕ್ಕೆ ಎದ್ದು ಎರಡು ಡ್ರಮ್ಮು, ಆರು ಕೊಡ ತುಂಬುವುದು, ಅಂಗಳ ಗುಡಿಸಿ ನೀರು ಹೊಡೆಯುವುದು, ಹದಿನೆಂಟು ಜೋಳದ ರೊಟ್ಟಿ ಬಡಿಯುವುದು, ಪುಂಡಿಪಲ್ಯ ಕುದಿಸುವುದು, ಅತ್ತೆ ಹೊಳಿಯಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುವುದು, ಗಂಡನದೊಂದು, ಮಕ್ಕಳವೆರಡು ಬುತ್ತಿ ಕಟ್ಟಿಡುವುದು, ಹಿಂದಿನ ದಿನದ ಬಟ್ಟೆ ನೆನೆಹಾಕುವುದು. ಇಷ್ಟಾದ ಮೇಲೆ ಗಂಡನ ಹಳೆಯ ಕಂದು ಸ್ವೆಟರನ್ನು ಸೀರೆಯ ಮೇಲೆ ಏರಿಸಿಕೊಂಡು, ಓಟಕ್ಕಿಂತ ಒಂದು ಮಟ್ಟ ಕಡಿಮೆಯ ನಡಿಗೆಯಲ್ಲಿ ಬಂದು, ಐದೂ ಮುಕ್ಕಾಲಿಗೆ ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೀಗ ತೆಗೆಯುತ್ತಿದ್ದಳು. ಊರಿನವರ ಲೆಕ್ಕದಲ್ಲಿ ಅವಳ ಕೆಲಸ ಶುರುವಾಗುವುದು ಅಲ್ಲಿಂದ.

ನಾನು ಅವಳನ್ನು ಮೊದಲು ಕಂಡದ್ದು 1997ರಲ್ಲಿ. ಕಥೆಯೊಂದನ್ನು ಟೈಪ್ ಮಾಡಿಸಲು ಕೊಟ್ಟಿದ್ದೆ. ಕುಕನೂರಿನಿಂದ ಮದುವೆಯಾಗಿ ಬಂದು, ಹಟ ಹಿಡಿದು ಟೈಪಿಂಗ್ ಕಲಿಯಲು ಸೇರಿದ್ದ ಹತ್ತೊಂಬತ್ತರ ಹುಡುಗಿ ಅದನ್ನು ಒಂದೂ ತಪ್ಪಿಲ್ಲದೆ ಮಾಡಿಕೊಟ್ಟಿದ್ದಳು. ಆದರೆ ನನ್ನ ಹಸ್ತಪ್ರತಿಯಲ್ಲಿ, 'ಸೊಸೆ ಮುಂಜಾನೆ ಎದ್ದು ಅಡುಗೆ ಮಾಡಿದಳು' ಎಂಬ ವಾಕ್ಯದ ಪಕ್ಕ ಪೆನ್ಸಿಲ್ಲಿನ ಸಣ್ಣ ಪ್ರಶ್ನೆಯ ಗುರುತಿತ್ತು. ಏನಮ್ಮ ಇದು ಎಂದು ಕೇಳಿದೆ.

"ನೀರು ಯಾರು ತಂದ್ರು ಅಕ್ಕಾರ?" ಎಂದಳು.

ಅಂದಿನಿಂದ ನನ್ನ ಕಥೆಗಳನ್ನು ಮೊದಲು ಓದುವವಳು ಅವಳೇ.

ಶೀಘ್ರಲಿಪಿ ಕಲಿತ ಮೇಲೆ ಅವಳ ಬಲಗೈಗೆ ಒಂದು ಚಟ ಅಂಟಿಕೊಂಡಿತು. ಎದುರಿಗಿದ್ದವರು ಮಾತಾಡುತ್ತಿದ್ದರೆ ತೋರುಬೆರಳು ಸೀರೆಯ ನೆರಿಗೆಯ ಮೇಲೆ ಗೆರೆ ಚುಕ್ಕೆಗಳನ್ನು ಬರೆಯುತ್ತಲೇ ಇರುತ್ತಿತ್ತು. ಅವರ ವಾಕ್ಯ ಮುಗಿಯುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಹೊಳಿಯಮ್ಮನಿಗೆ ಇದು ದೊಡ್ಡ ಕಿರಿಕಿರಿ. "ಮಂದಿ ಸೊಸ್ತೆರು ಬೈದ್ರ ತಿರುಗಿ ಬೈತಾರ. ಇಕಿ ತೊಡಿ ಮ್ಯಾಲ ಬರಕೋತಾಳ. ಇಪ್ಪತ್ತು ವರ್ಷದ ಬೈಗುಳ ಎಲ್ಲಾ ದಾಖಲ ಐತ್ರಿ ಇಕಿ ಹತ್ರ!" ಎಂದು ನನ್ನೆದುರೇ ದೂರಿದ್ದಳು. ಅನುಸೂಯಾಳ ಬೆರಳು ಆಗಲೂ ಓಡುತ್ತಿತ್ತು. ಅತ್ತೆ, ಸೊಸೆ ಇಬ್ಬರೂ ನಕ್ಕರು.

ಕಲಿತ ಇನ್‌ಸ್ಟಿಟ್ಯೂಟಿನಲ್ಲೇ ಅವಳು ಕಲಿಸುವವಳಾದಳು. ಮಾಲೀಕ ಪಂಪಣ್ಣ ಹತ್ತಕ್ಕೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು, ಉಳಿದದ್ದೆಲ್ಲ ಇವಳದು. ಬೆಳಗಿನ ತಂಡದಲ್ಲಿ ಎಲ್ಲರೂ ಹುಡುಗಿಯರು, ಏಕೆಂದರೆ ಎಂಟು ಗಂಟೆಯ ಮೇಲೆ ಅವರು ಮನೆಯವರ ಪಾಲು. ಸಂಜೆಯ ತಂಡದಲ್ಲಿ ಎಲ್ಲರೂ ಹುಡುಗರು.

ಶೀಘ್ರಲಿಪಿಯ ಪರೀಕ್ಷೆಯಲ್ಲಿ ಒಬ್ಬರು ನಿಮಿಷಕ್ಕೆ ಎಂಬತ್ತು ಪದದಂತೆ ಓದುತ್ತ ಹೋಗುತ್ತಾರೆ. ಕೇಳುವವರು ಅದನ್ನು ಗೆರೆಗಳಲ್ಲಿ ಹಿಡಿಯಬೇಕು. ಆ ವೇಗ ಕೈಗೆ ಕೂರಲೆಂದು ಪಂಪಣ್ಣ ಹಿಂದೆಂದೋ ಒಂದು ಸಿ.ಡಿ. ತರಿಸಿದ್ದರು. ಗಡಸು ದನಿಯ ಗಂಡಸೊಬ್ಬ ಅದರಲ್ಲಿ ಸರಿಯಾದ ವೇಗದಲ್ಲಿ ಪಾಠ ಓದುತ್ತಿದ್ದ. ಅನುಸೂಯಾ ತಾನೇ ಓದುತ್ತೇನೆಂದರೆ ಪಂಪಣ್ಣ ಒಪ್ಪುತ್ತಿರಲಿಲ್ಲ. "ಪರೀಕ್ಷಾದಾಗ ಗಂಡಸರು ಓದ್ತಾರ ತಂಗಿ, ಗಂಡಸಿನ ದನಿ ರೂಢಿ ಆಗಬೇಕು." ಆ ಸಿ.ಡಿ.ಯ ತಂತ್ರಾಂಶ ನಡೆಯುತ್ತಿದ್ದದ್ದು ಹಳೆಯ ಕಾಲದ ಕಂಪ್ಯೂಟರಿನಲ್ಲಿ ಮಾತ್ರ. 2016ರಲ್ಲಿ ಅದು ಪೂರ್ತಿ ಕೆಟ್ಟಾಗ, ಕೊಪ್ಪಳದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಗಾಳೇಶ ಬಂದು ಹೊಸ ಲ್ಯಾಪ್‌ಟಾಪಿನೊಳಗೆ ಒಂದು ವರ್ಚುವಲ್ ಮಷೀನ್ ಕೂರಿಸಿಕೊಟ್ಟ. ಅಂದರೆ ಹೊಸ ಯಂತ್ರದ ಒಂದು ಕಿಟಕಿಯೊಳಗೆ ಹಳೆಯ ಯಂತ್ರವೇ ಮತ್ತೆ ಹುಟ್ಟಿದಂತೆ. ತಾನು ಬೇರೊಂದರ ಒಳಗಿದ್ದೇನೆಂಬುದು ಆ ಹಳೆಯದಕ್ಕೆ ಗೊತ್ತೇ ಇರುವುದಿಲ್ಲ. ಹುಡುಗಿಯರು ಅದಕ್ಕೆ 'ಒಳಗಿನ ಮಷೀನು' ಎಂದು ಹೆಸರಿಟ್ಟರು.

ಒಳಗಿನ ಮಷೀನಿನ ದನಿ ಮೊದಲಿನಂತಿರಲಿಲ್ಲ. ನಡುನಡುವೆ ಕರಕರ ಎನ್ನುತ್ತಿತ್ತು. "ಸರ್ ಗಂಟಲಾಗ ಒಣ ಅವಲಕ್ಕಿ ಸಿಕ್ಕೈತ್ರಿ ಮೇಡಂ, ಯಾರರೆ ನೀರು ಕೊಡ್ರಿ" ಎಂದು ಜೈನಾಬೀ ತಂಡವನ್ನೆಲ್ಲ ನಗಿಸುತ್ತಿದ್ದಳು. ತಂಡದಲ್ಲಿ ಎಲ್ಲರಿಗಿಂತ ಚುರುಕು ಅವಳು. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರಳಾಗುವುದು ಅವಳ ಗುರಿ. ಗಾಳೇಶ ಎರಡು ಸಲ ಬಂದು ಸ್ಪೀಕರ್ ಬದಲಿಸಿದ, ವೈರು ಬದಲಿಸಿದ.

ಪರೀಕ್ಷೆಯ ಫಲಿತಾಂಶ ಬಂತು. ಬೆಳಗಿನ ಏಳು ಹುಡುಗಿಯರಲ್ಲಿ ಆರು ಜನ ನಪಾಸು. ಸಂಜೆಯ ಆರು ಹುಡುಗರಲ್ಲಿ ಐವರು ಪಾಸು. "ರೊಟ್ಟಿ ಬಡಿಯೋ ಬೆರಳ್ರಿ ಅವು, ಪೆನ್ಸಿಲ್ ಹೆಂಗ ಓಡತೈತಿ?" ಎಂದರು ಪಂಪಣ್ಣ. ಆರೂ ಹುಡುಗಿಯರು ಬರುವುದನ್ನು ಬಿಟ್ಟರು. ಕಲಿಕೆ ಇವಳಿಗೆ ಹತ್ತುವುದಿಲ್ಲವೆಂದು ತೀರ್ಮಾನಿಸಿದ ಮನೆಯವರು ಜೈನಾಬೀಯನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿದರು.

ಹೊಸ ಹುಡುಗಿಯರು ಸೇರಿದ ಮೇಲೆ ಒಂದು ಮುಂಜಾನೆ ಅನುಸೂಯಾ, ಅಷ್ಟು ದಿನ ಮಾಡದಿದ್ದ ಒಂದು ಕೆಲಸ ಮಾಡಿದಳು. ಪಾಠ ಓದಿಸುವ ಹೊತ್ತಿನಲ್ಲಿ ಅವಳು ಸದಾ ಹಿಂದಿನ ಕೋಣೆಯಲ್ಲಿ ನಿನ್ನೆಯ ಉತ್ತರಗಳನ್ನು ತಿದ್ದುತ್ತಿದ್ದಳು. ಅಂದು ಜೈನಾಬೀಯ ಖಾಲಿ ಬೆಂಚಿನಲ್ಲಿ ಕೂತು ತಾನೇ ಬರೆದುಕೊಂಡಳು.

"ಕೈ ಕಾಯಾಕತ್ತಿತ್ರಿ ಅಕ್ಕಾರ" ಎಂದು ಆಮೇಲೆ ನನಗೆ ಹೇಳಿದಳು. "ಶಬ್ದ ಬರೋಕಿಂತ ಮೊದಲ ಬೆರಳು ಹೋಗಿ ನಿಂತಿರ್ತಿತ್ತು."

ನಾಲ್ಕು ನೂರು ಪದದ ಪಾಠ ಐದು ನಿಮಿಷಕ್ಕೆ ಮುಗಿಯಬೇಕು. ಅವಳ ಗಡಿಯಾರದಲ್ಲಿ ಐದು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಆ ಕರಕರ ಬಿಟ್ಟರೆ ದನಿ ದಪ್ಪವಾಗಿರಲಿಲ್ಲ, ಕೆಟ್ಟಿರಲಿಲ್ಲ. ಪದಪದದ ನಡುವೆ ಕೂದಲೆಳೆಯಷ್ಟು ತಡೆದು ತಡೆದು ಬರುತ್ತಿತ್ತು, ಅಷ್ಟೇ. ಎಂಬತ್ತೆಂದು ನಂಬಿ ಹುಡುಗಿಯರು ತಿಂಗಳುಗಟ್ಟಲೆ ಎಪ್ಪತ್ತಕ್ಕೆ ಕೈ ಪಳಗಿಸಿಕೊಂಡಿದ್ದರು.

ಅದರ ಕಾರಣವನ್ನು ಅವಳು ಹುಡುಕಿದ ರೀತಿ ನನಗೆ ಇಂದಿಗೂ ಬೆರಗು. ಕಂಪ್ಯೂಟರಿನ ಶಿಕ್ಷಣ ಅವಳಿಗಿರಲಿಲ್ಲ. ಇದ್ದದ್ದು ಒಂದು ಹಟ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಅದೇ ಪಾಠ ಓದಿಸಿ ಸಮಯ ಬರೆಯುವುದು, ಆಮೇಲೆ ಮುಂದಿನದಕ್ಕೆ ಹೋಗುವುದು. ಮೊದಲು ಹೊರಗಿನ ಯಂತ್ರದಲ್ಲೇ ವಾರ್ತೆ ಹಚ್ಚಿ ಕೇಳಿದಳು. ದನಿ ಸ್ವಚ್ಛವಿತ್ತು. ಹಾಗಾದರೆ ತಪ್ಪು ಸ್ಪೀಕರಿನದಲ್ಲ, ವೈರಿನದಲ್ಲ. ಗಾಳೇಶನನ್ನು ಕರೆಸಿದಳು.

"ಅಕ್ಕಾ, ಒಳಗಿಂದಕ್ಕ ನಾನು ಏನೂ ಕಡಿಮಿ ಮಾಡಿಲ್ಲ. ಇರೋ ನಾಕೂ ಪ್ರೊಸೆಸರ್ ಅದಕ್ಕ ಬರದು ಕೊಟ್ಟೀನಿ."

"ಎಲ್ಲಾ ಅದಕ್ಕ ಬಡಿಸಿದ್ರ ಹೊರಗಿಂದು ಏನು ತಿನ್ನಬೇಕೋ ತಮ್ಮಾ? ದನಿ ಹೊತ್ತು ಸ್ಪೀಕರಿಗೆ ಮುಟ್ಟಿಸೋದು ಅದ ಅಲ್ಲೇನು?"

ಗಾಳೇಶ ತಲೆ ಕೆರೆದುಕೊಂಡ. "ಅಲ್ಲಕ್ಕಾ, ಇದನ್ನ ಯಾರು ಹೇಳಿಕೊಟ್ರು ನಿಮಗ?"

"ನಮ್ಮನಿ ಕಡಿ ಪಂಕ್ತಿ" ಎಂದಳು. ಎಲ್ಲರೂ ಉಂಡ ಮೇಲೆ ಬುಟ್ಟಿಯ ತಳ ನೋಡಿ ಕೂರುವ ಹೆಂಗಸರ ಪಂಕ್ತಿ ಅದು.

ಒಳಗಿನದಕ್ಕೆ ಕೊಟ್ಟಿದ್ದ ನಾಲ್ಕನ್ನು ಎರಡಕ್ಕಿಳಿಸಿದರು. ಕರಕರ ನಿಂತಿತು. ಸಂಜೆ ಸರಿಯಾಗಿ ಐದು ನಿಮಿಷ. ಮರುದಿನ ಮುಂಜಾನೆ ಮತ್ತೆ ಐದು ಮೂವತ್ತೆಂಟು! ಯಂತ್ರ ಅದೇ, ಪಾಠ ಅದೇ, ಕಿವಿಯೂ ಅದೇ. ಬೇರೆಯಾದದ್ದು ಹೊತ್ತು ಮಾತ್ರ. ಮೂರು ದಿನ ಎರಡೂ ಹೊತ್ತಿನ ಸಮಯವನ್ನು ಅಕ್ಕಪಕ್ಕ ಬರೆದಳು. ಆ ವರ್ಷ ಊರಲ್ಲಿ ಬೆಳಿಗ್ಗೆ ಆರರಿಂದ ಎಂಟು ಕರೆಂಟು ಇರುತ್ತಿರಲಿಲ್ಲ. ಟೈಪ್‌ರೈಟರಿಗೆ ಕರೆಂಟು ಬೇಡ, ಬೆಳಕಿಗೆ ಬಾಗಿಲು ತೆಗೆದರೆ ಸಾಕು. ಆದ್ದರಿಂದ ಯಾರೂ ಆ ಕಡೆ ಯೋಚಿಸಿರಲಿಲ್ಲ. ಲ್ಯಾಪ್‌ಟಾಪು ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ನಾಲ್ಕನೆಯ ಸಂಜೆ, ಹುಡುಗರು ಬರೆಯುತ್ತಿದ್ದಾಗಲೇ, ಅವಳು ಎದ್ದು ಹೋಗಿ ಗೋಡೆಯ ಪ್ಲಗ್ ಕಿತ್ತಳು. ಅರ್ಧ ನಿಮಿಷದೊಳಗೆ ಸಿ.ಡಿ.ಯಲ್ಲಿ ಓದುವವನು ಪದ ಎಳೆಯತೊಡಗಿದ.

ಬ್ಯಾಟರಿ ಬಹಳ ಹೊತ್ತು ಬಾಳಲಿ ಎಂದು ಪಂಪಣ್ಣನವರೇ ಅದನ್ನು ಉಳಿತಾಯದ ಕ್ರಮಕ್ಕೆ ಇಟ್ಟಿದ್ದರು. ಕರೆಂಟು ಹೋದ ಕೂಡಲೇ ಹೊರಗಿನ ಯಂತ್ರ ತನ್ನ ವೇಗ ತಗ್ಗಿಸುತ್ತಿತ್ತು. ಎರಡು ಯಂತ್ರದ ಭಾರ ಹೊರಲಾರದೆ ಒಳಗಿನದು ಹಿಂದೆ ಬೀಳುತ್ತಿತ್ತು. ಉಳಿತಾಯ ತೆಗೆದಳು. ಬ್ಯಾಟರಿ ಈಗ ಮುಕ್ಕಾಲು ಗಂಟೆಯಷ್ಟೇ ಬರುತ್ತಿತ್ತು. ಪಾಠಕ್ಕೆ ಅಷ್ಟು ಸಾಕು.

"ಛಲೋ ಆತು ಬಿಡು. ಇನ್ನ ಇದನ್ನ ಯಾರ ಮುಂದೂ ಆಡಬ್ಯಾಡ" ಎಂದರು ಪಂಪಣ್ಣ. "ಮಷೀನ್ ಕೆಟ್ಟಿತ್ತಂತ ಅಂದ್ರ ನಾಳೆ ಹುಡುಗ್ಯಾರ ಅಪ್ಪಂದಿರು ಬಂದು ಬಾಗಲಾಗ ನಿಂದರ್ತಾರ. ಹೊಸಾ ಹುಡುಗ್ಯಾರು ಪಾಸ್ ಆಗ್ತಾರ, ನಿನ್ನ ಹೆಸರೂ ಆಗತೈತಿ. ಹೋದವ್ರು ಹೋದ್ರು."

ಮುಂದಿನ ಪರೀಕ್ಷೆಯ ಅರ್ಜಿಗೆ ಎರಡೇ ದಿನ ಉಳಿದಿತ್ತು. ಹೋದ ಆರು ಜನ ತಮ್ಮ ಕೈಯೇ ಮಂದವೆಂದು ನಂಬಿ ಮನೆಯಲ್ಲಿದ್ದರು.

ಮನೆಯಲ್ಲಿ ಏನು ಕೆಟ್ಟರೂ ಮೊದಲು ತನ್ನನ್ನೇ ಅನುಮಾನಿಸುವಂತೆ ನಮ್ಮ ಕಡೆ ಹೆಣ್ಣನ್ನು ಬೆಳೆಸುತ್ತಾರೆ. ಹಾಲು ಒಡೆದರೆ, ಮಗು ನಪಾಸಾದರೆ, ಗಂಡ ಸಿಟ್ಟಾದರೆ ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ. ಹೀಗೆ ಬೆಳೆದವರಲ್ಲಿ ಎಲ್ಲೋ ಕೆಲವರು ಆ ಅಭ್ಯಾಸದಿಂದಲೇ ತಪ್ಪನ್ನು ಅಳೆಯುವುದನ್ನು ಕಲಿತುಬಿಡುತ್ತಾರೆ. ಅಳೆದಾದ ಮೇಲೆ ತಮ್ಮ ಪಾಲಿನದನ್ನು ಮಾತ್ರ ಎತ್ತಿಕೊಂಡು, ಉಳಿದದ್ದು ಯಾರದೋ ಅವರ ಮುಂದೆ ಇಡುತ್ತಾರೆ. ಇಂಥವರ ಕೈಗೆ ಸಿಕ್ಕ ಯಂತ್ರ ಸರಿಹೋಗುವುದು ದೊಡ್ಡ ಮಾತಲ್ಲ.

ಶುಕ್ರವಾರ ಎಂಟಕ್ಕೆ ಹುಡುಗಿಯರು ಹೋದರು. ಪಂಪಣ್ಣ ಬರಲು ಎರಡು ತಾಸು ಇತ್ತು. ಅನುಸೂಯಾ ನನ್ನನ್ನು ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ. ಟೈಪ್‌ರೈಟರಿಗೆ ಮೂರು ಮೂರು ಹಾಳೆ, ನಡುವೆ ಕಾರ್ಬನ್ ಇಟ್ಟು, ಎರಡು ಸಲ ಒಂದೇ ಕಾಗದ ಹೊಡೆದಳು. ಜೈನಾಬೀ ತನ್ನದನ್ನು ನನಗೆ ತೋರಿಸಿದ್ದಾಳೆ: 'ಕಳೆದ ಪರೀಕ್ಷೆಯಲ್ಲಿ ನಿಮ್ಮ ಮಗಳು ಹಿಂದೆ ಬಿದ್ದದ್ದು ಅವಳ ತಪ್ಪಿನಿಂದಲ್ಲ. ಕರೆಂಟು ಇಲ್ಲದಾಗ ನಮ್ಮ ಯಂತ್ರ ನಿಮಿಷಕ್ಕೆ ಎಪ್ಪತ್ತು ಪದ ಓದುತ್ತಿತ್ತು. ಅದು ನನ್ನ ಕಿವಿಗೆ ಬೀಳಬೇಕಿತ್ತು, ಬೀಳಲಿಲ್ಲ. ನಾಳೆ ಅರ್ಜಿಗೆ ಕೊನೆಯ ದಿನ. ಅವಳನ್ನು ಕಳಿಸಿರಿ.'

ಇನ್‌ಸ್ಟಿಟ್ಯೂಟಿನ ಮುದ್ರೆ ಮೇಜಿನ ಮೇಲೆಯೇ ಇತ್ತು. ಅದನ್ನು ಮುಟ್ಟದೆ, ಆರೂ ಹಾಳೆಗಳ ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ಬಾಗಿಲಿಗೆ ಬೀಗ ಹಾಕಿ, ಮೊದಲ ಮನೆಯ ಕಡೆ ನಡೆದಳು.